ಮೋಟರ್ ನಿಂತಾಗ ಮೂಗು ಮೇಲೆದ್ದಿದ್ದೇಕೆ?

ಮಧುಗಿರಿ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿದರೆ ಹುಡುಗರಿಗೆ ಕ್ರಿಕೆಟ್ ಮೈದಾನ. ನಮ್ಮಕ್ಕನ ಮಗನಿಗೆ ಮಾತ್ರ ಅದು ರನ್‌ವೇ. ಎಂಜಿನಿಯರಿಂಗ್ ಓದುವ ಹುಡುಗ, ರಜೆಗೆ ಬರುವಾಗ ಫೋಮ್‌ನಲ್ಲಿ ಮಾಡಿದ ರಿಮೋಟ್ ವಿಮಾನ ತಂದಿದ್ದ. ಅದರ ರೆಕ್ಕೆಯ ಮೇಲೊಂದು ಗೂಟ, ಗೂಟದ ತುದಿಗೆ ಮೋಟರ್, ಹಿಂದಕ್ಕೆ ಮುಖ ಮಾಡಿದ ಫ್ಯಾನ್. ಮೂತಿ ನೆಲಕ್ಕೆ ಗುದ್ದಿದರೂ ಫ್ಯಾನ್ ಮುರಿಯಬಾರದು ಅಂತ ಈ ಏರ್ಪಾಟು.

ನಾನು ಸುಮ್ನೆ ನೋಡೋಕೆ ಹೋದವನು. ಭಾವನೂ ಬಂದಿದ್ದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು, ಈಗ ಊರಲ್ಲಿ ಕಡ್ಲೆಕಾಯಿ ಹೊಲ ನೋಡಿಕೊಂಡಿದ್ದಾರೆ. ಮಾತು ಕಮ್ಮಿ.

ಹಾರಾಟ ಚೆನ್ನಾಗೇ ನಡೆದಿತ್ತು. ಏಕಶಿಲಾ ಬೆಟ್ಟದ ಕಡೆ ತಿರುಗಿಸಿ ವಾಪಸ್ ತರುವಾಗ ಮೋಟರ್ ಸದ್ದು ತಟ್ಟನೆ ನಿಂತಿತು. ಬ್ಯಾಟರಿ ಇಳಿದರೆ ಸ್ಪೀಡ್ ಕಂಟ್ರೋಲರ್ ಮೋಟರನ್ನು ನಿಲ್ಲಿಸಿ, ಉಳಿದ ಕರೆಂಟನ್ನು ಬಾಲದ ಎಲಿವೇಟರ್, ಅಂದರೆ ಮೂಗು ಏರಿಸಿ ಇಳಿಸುವ ಪಟ್ಟಿ, ಆಡಿಸುವುದಕ್ಕೆ ಉಳಿಸಿಕೊಳ್ಳುತ್ತದೆ. ಹಾಗಾಗಿ ವಿಮಾನ ರಿಮೋಟಿನ ಸ್ಟಿಕ್ ಹೇಳಿದ್ದನ್ನು ಇನ್ನೂ ಕೇಳುತ್ತದೆ. ಮೂಗು ಕೆಳಗೆ ಬಾಗುತ್ತೆ ಅಂತ ನಾನು ನೋಡುತ್ತಿದ್ದರೆ, ಅದು ಮೇಲಕ್ಕೆದ್ದಿತು! ವೇಗ ಸತ್ತಿತು. ಆಮೇಲೆ ಮುಗ್ಗರಿಸಿತು. ಹುಡುಗ ಗಾಬರಿಯಾಗಿ ಸ್ಟಿಕ್ ಎಳೆದ.

"ಎಳೀಬೇಡ ಕಣೋ, ಮೂಗು ತಗ್ಗಿಸು" ಎಂದರು ಭಾವ.

"ಅಪ್ಪಾ, ಬೀಳ್ತಾ ಇದೆ!"

"ಬೀಳ್ತಾ ಇರೋದಕ್ಕೇ ತಗ್ಗಿಸು ಅಂದಿದ್ದು."

ತಗ್ಗಿಸಿದ. ವೇಗ ಬಂತು, ರೆಕ್ಕೆಗೆ ಗಾಳಿ ಹಿಡಿಯಿತು. ಬಳ್ಳಾರಿ ಜಾಲಿಯ ಪೊದೆಗಳನ್ನು ತಪ್ಪಿಸಿಕೊಂಡು ಹೊಟ್ಟೆ ಉಜ್ಜುತ್ತಾ ಇಳಿಯಿತು.

ಏರಿಯ ಮೇಲಿನ ಹೊಂಗೆ ನೆರಳಲ್ಲಿ ಭಾವ ಎರಡು ಬೆರಳನ್ನು ರೆಕ್ಕೆಗಳ ಕೆಳಗಿಟ್ಟು ವಿಮಾನವನ್ನು ತೂಗಿ ಹಿಡಿದರು. ಭಾರದ ಕೇಂದ್ರ ಇರುವುದು ಬೆರಳಿನ ನೇರಕ್ಕೆ. ಮೋಟರ್ ಅದಕ್ಕಿಂತ ಸಾಕಷ್ಟು ಮೇಲಿದೆ. ಮೇಲಿಂದ ಮುಂದಕ್ಕೆ ತಳ್ಳಿದರೆ ಮೂಗು ಕೆಳಗೆ ಹೋಗಬೇಕು, ಅಲ್ವಾ? ಅದನ್ನು ಸರಿದೂಗಿಸಲು ಹುಡುಗ ಎಲಿವೇಟರನ್ನು ಸ್ವಲ್ಪ ಮೇಲಕ್ಕೆ ಟ್ರಿಮ್ ಮಾಡಿಟ್ಟಿದ್ದ, ಅಂದರೆ ಸ್ಟಿಕ್ ಮುಟ್ಟದಿದ್ದರೂ ಅದು ಅಷ್ಟು ಎದ್ದೇ ಇರುವಂತೆ ಹೊಂದಿಸಿದ್ದ. ಮೋಟರ್ ನಿಂತಿತು, ಕೆಳಗೆ ಒತ್ತುವ ಬಲ ಹೋಯಿತು, ಮೇಲಕ್ಕೆತ್ತುವ ಟ್ರಿಮ್ ಉಳಿಯಿತು. ಮೂಗು ಏಳದೆ ಇನ್ನೇನಾಗುತ್ತದೆ?

ಎಲ್ಲ ವಿಮಾನವೂ ಹೀಗಲ್ಲ. ಮುಂದೆ ಫ್ಯಾನ್ ಇರುವ ಎಷ್ಟೋ ಸಣ್ಣ ವಿಮಾನಗಳಲ್ಲಿ ಫ್ಯಾನಿನ ಗಾಳಿ ಬಾಲಕ್ಕೆ ಬಡಿದು ಅದನ್ನು ಕೆಳಗೆ ಒತ್ತುತ್ತಿರುತ್ತದೆ. ಎಂಜಿನ್ ನಿಂತರೆ ಆ ಒತ್ತು ಕಡಿಮೆಯಾಗಿ ಮೂಗು ತಾನೇ ಬಾಗುತ್ತದೆ. ರೆಕ್ಕೆಯ ಕೆಳಗೆ ಜೆಟ್ ಎಂಜಿನ್ ತೂಗಿರುವ ದೊಡ್ಡ ವಿಮಾನಗಳಲ್ಲೂ ಮೂಗು ಬಾಗುವುದೇ ಜಾಸ್ತಿ, ಯಾಕೆಂದರೆ ಅಲ್ಲಿ ತಳ್ಳುವ ಬಲ ಭಾರದ ಕೇಂದ್ರಕ್ಕಿಂತ ಕೆಳಗಿದೆ.

ಆ ಮೊದಲ ಜರ್ಕು ಎಂಜಿನ್ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಆಮೇಲಿನದು ಟ್ರಿಮ್ಮಿನ ಕೆಲಸ. ಟ್ರಿಮ್ ಹಿಡಿದಿಡುವುದು ಎತ್ತರವನ್ನಲ್ಲ, ವೇಗವನ್ನು. ಸೈಕಲ್ ತುಳಿಯುವುದು ನಿಲ್ಲಿಸಿದ ಮೇಲೂ ಅದೇ ವೇಗ ಬೇಕೆಂದರೆ ಇಳಿಜಾರು ಬೇಕು. ವಿಮಾನ ಆ ಇಳಿಜಾರನ್ನು ತಾನೇ ಹುಡುಕಿಕೊಳ್ಳುತ್ತದೆ. ನನಗೆ ಅವತ್ತು ಜಾಸ್ತಿ ಹಿಡಿಸಿದ್ದು ಇದೇ.

ಬೇರೆ ಬ್ಯಾಟರಿ ಹಾಕಿ, ಬೇಕಂತಲೇ ಎತ್ತರದಲ್ಲಿ ಥ್ರಾಟಲ್ ಇಳಿಸಿ ಕೈ ಬಿಟ್ಟು ನೋಡಿದೆವು. ಮೂಗು ಎದ್ದಿತು, ವೇಗ ಇಳಿಯಿತು, ಮೂಗು ಬಾಗಿತು, ವೇಗ ಏರಿತು, ಮತ್ತೆ ಎದ್ದಿತು. ಪ್ರತಿ ಸಲ ಅಲೆ ಸಣ್ಣದಾಗುತ್ತಾ ಬಂತು. ಇದಕ್ಕೆ ಫ್ಯೂಗಾಯ್ಡ್ ಅಂತ ಹೆಸರಿಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್, 1908ರಲ್ಲಿ. ಅವರ ಸರಳ ಲೆಕ್ಕದಲ್ಲಿ ಒಂದು ಅಲೆಯ ಅವಧಿಗೆ ವಿಮಾನದ ತೂಕವೂ ಬೇಡ, ಗಾತ್ರವೂ ಬೇಡ. ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದನ್ನು 0.45ರಿಂದ ಗುಣಿಸಿದರೆ ಸಾಕು. ಸೆಕೆಂಡಿಗೆ 10 ಮೀಟರ್ ಹೋಗುವ ನಮ್ಮ ಫೋಮ್ ವಿಮಾನಕ್ಕೆ ನಾಲ್ಕೂವರೆ ಸೆಕೆಂಡ್.

"ಮಾಮ, ದೊಡ್ಡ ವಿಮಾನಕ್ಕೆ?" ಎಂದ ಅಳಿಯ. ನಾನೊಂದು ನಡೆದ ಕತೆ ಹೇಳಿದೆ. 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767ಕ್ಕೆ ಕಿಲೋ, ಪೌಂಡ್ ಲೆಕ್ಕ ಕಲಸಿಹೋಗಿ ಆಕಾಶದಲ್ಲೇ ಇಂಧನ ಮುಗಿದಿತ್ತು. ಕ್ಯಾಪ್ಟನ್ ಪಿಯರ್ಸನ್ ಗ್ಲೈಡರ್ ಹಾರಿಸಿ ಪಳಗಿದವರು. 220 ನಾಟ್, ಅಂದರೆ ಸೆಕೆಂಡಿಗೆ ಸುಮಾರು 113 ಮೀಟರ್ ವೇಗ ಹಿಡಿದು, ಗಿಮ್ಲಿ ಎಂಬ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು. ಆ ವೇಗಕ್ಕೆ ಲೆಕ್ಕ ಹಾಕಿದರೆ ಒಂದು ಅಲೆಗೆ ಸುಮಾರು 50 ಸೆಕೆಂಡ್. ಅಷ್ಟು ನಿಧಾನದ ಅಲೆಯನ್ನು ಪೈಲಟ್ ಆರಾಮಾಗಿ ತಡೆಯಬಹುದು.

ಮೋಟರ್ ಅಡಿಗೆ ವಾಷರ್ ಇಟ್ಟು ಅದನ್ನು ಸ್ವಲ್ಪ ಓರೆ ಮಾಡಿ, ತಳ್ಳುವ ಗೆರೆ ಭಾರದ ಕೇಂದ್ರದ ಹತ್ತಿರ ಹಾಯುವಂತೆ ಮಾಡಿದೆವು. ಮೂಗೇಳುವುದು ಕಮ್ಮಿಯಾಯಿತು. ಹುಡುಗನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ವಿಮಾನ ಚುರುಕಾಗಲಿ ಅಂತ ಬ್ಯಾಟರಿ ಹಿಂದಕ್ಕೆ ಸರಿಸಿದ. ಚುರುಕೇನೋ ಆಯಿತು. ಥ್ರಾಟಲ್ ಇಳಿಸಿದಾಗ ಮಾತ್ರ ಎದ್ದ ಮೂಗು ಇಳಿಯಲಿಲ್ಲ, ಇಳಿಸಿದರೆ ಏಳಲಿಲ್ಲ. ಸ್ಟಿಕ್ಕಿನಿಂದ ಕೈ ತೆಗೆಯುವ ಹಾಗೇ ಇರಲಿಲ್ಲ. ಭಾರದ ಕೇಂದ್ರ ಹಿಂದೆ ಹೋದಷ್ಟೂ ತಾನೇ ಸರಿಹೋಗುವ ಗುಣ ಕಳೆದುಹೋಗುತ್ತದೆ.

ಕೆಳಗಿಳಿಸಿದ ಮೇಲೆ ಭಾವ ಏನೂ ಹೇಳದೆ ಬ್ಯಾಟರಿಯನ್ನು ಬೆರಳಲ್ಲಿ ಮುಂದಕ್ಕೆ ತಳ್ಳಿದರು. ಹುಡುಗ ಅದರ ಹಿಂದೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಇದನ್ನು ದಾಟಬಾರದು ಅಂತ ಬರೆದ.