ಕತ್ತಿನ ರೌಂಡು, ಬೈಕಿನ ಎಂಟು

ಮೊದಲ ಸಲ ಬೈಕ್ ಲೈಸೆನ್ಸಿನ ಟೆಸ್ಟಿಗೆ ಹೋದಾಗ, ಕಾಲೂರದೆ ನೆಲದ ಗೆರೆಯ ಮೇಲೆ ಎಂಟು ಹಾಕುವಲ್ಲಿ ನನ್ನ ಎಡಗಾಲು ನೆಲಕ್ಕೆ ತಾಗಿತು. ಶೂವಿನ ತುದಿ ಮಾತ್ರ. ತಾಗಿದ ಹಾಗೇ ಮೇಲೆ ಎತ್ತಿದೆ. ಆದರೆ ಇನ್‌ಸ್ಪೆಕ್ಟರ್ ನೋಡಿಯಾಗಿತ್ತು. “ಒಂದು ವಾರ ಬಿಟ್ಟು ಬನ್ನಿ ಅಮ್ಮ, ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡಿ” ಎಂದರು. ಬೇಸರ ಮಾಡಿಕೊಳ್ಳುವಂಥ ಮಾತೇನೂ ಅಲ್ಲ. ಆದರೂ ಮಣಿಪಾಲದಿಂದ ಕಟಪಾಡಿಗೆ ಬರುವವರೆಗೆ ತಮ್ಮನ ಮಗನ ಹಿಂದೆ ಕೂತು ನಾನು ಒಂದು ಮಾತೂ ಆಡಲಿಲ್ಲ.

ನನಗೆ 52 ವರ್ಷ. ಕಟಪಾಡಿ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮನೆ ಇರುವುದು ಶಂಕರಪುರದ ಹತ್ತಿರ, ಬಸ್ಸಿಳಿದು ಒಳಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ನಮ್ಮಲ್ಲಿ ಬೆಳಿಗ್ಗೆ ಎದ್ದರೆ ಮನೆ ಮನೆಯಲ್ಲೂ ಮಲ್ಲಿಗೆ ಮೊಗ್ಗು ಕೊಯ್ದು ಕಟ್ಟುವ ಗಡಿಬಿಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಕಟ್ಟಿಕೊಟ್ಟು, ತಿಂಡಿ ಮುಗಿಸಿ, ಶಿರ್ವ ಕಡೆಯಿಂದ ಬರುವ ಬಸ್ಸಿಗೆ ಓಡುವುದು. ಮೂವತ್ತು ವರ್ಷ ಹೀಗೇ ಓಡಿದ್ದೇನೆ. ಬಸ್ಸಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕೈಯಲ್ಲಿ ಬಟ್ಟೆಯ ಗಂಟು ಕಂಡರೆ ಎಷ್ಟೋ ಕಂಡಕ್ಟರ್‌ಗಳು ತಾವೇ ಇಳಿದು ಎತ್ತಿಕೊಟ್ಟಿದ್ದಾರೆ. ಆದರೆ ಬಸ್ಸಿಗೆ ಒಂದು ಹೊತ್ತು ಇರುತ್ತದೆ, ಹೊಲಿಗೆಯವಳ ಕೆಲಸಕ್ಕೆ ಹೊತ್ತು ಗೊತ್ತು ಇರುವುದಿಲ್ಲ.

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಮಟ್ಟುವಿನ ಒಂದು ಮನೆಯ ಮದುಮಗಳ ಬ್ಲೌಸ್ ತೋಳಿನಲ್ಲಿ ಬಿಗಿಯಾಯಿತೆಂದು ಮದುವೆಯ ಹಿಂದಿನ ದಿನ ಮಧ್ಯಾಹ್ನ ವಾಪಸ್ ಬಂತು. ಕುಂದಣದ ಕೆಲಸ ಇದ್ದ ತೋಳು. ಒಂದೊಂದೇ ಹೊಲಿಗೆ ಬಿಚ್ಚಿ ಸರಿ ಮಾಡುವಾಗ ರಾತ್ರಿ ಎಂಟೂವರೆ ದಾಟಿತ್ತು. ಬಸ್ಸಿಲ್ಲ. ಅವತ್ತು ಹತ್ತಿರದಲ್ಲೇ ಭೂತದ ಕೋಲ ಇದ್ದದ್ದರಿಂದ ರಿಕ್ಷಾ ಸ್ಟ್ಯಾಂಡೂ ಖಾಲಿ. ಕವರ್ ಹಿಡಿದು ಪೇಟೆಯಲ್ಲಿ ನಿಂತು ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದೆ. ಮೂರನೆಯವರು ಬಂದರು. ಮಟ್ಟು ಮುಟ್ಟುವಾಗ ಹತ್ತು ಗಂಟೆ. ಹುಡುಗಿಯ ಅಮ್ಮ ಟಾರ್ಚ್ ಹಿಡಿದು ದಣಪೆ ಹತ್ತಿರವೇ ನಿಂತಿದ್ದರು. ಬೈಯಲಿಲ್ಲ. ಕವರ್ ತೆಗೆದುಕೊಂಡು “ಬಂದ್ರಲ್ಲ, ಅಷ್ಟು ಸಾಕು” ಎಂದರು. ಬೈದಿದ್ದರೇ ನನಗೆ ಒಳ್ಳೆಯದಿತ್ತು.

ಅಂದಿನಿಂದ ಮನಸ್ಸಿನಲ್ಲಿ ಒಂದೇ. ನಾನು ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ಕೇಳಬೇಕು. ಯಾರೂ ಇಲ್ಲ ಎನ್ನುವುದಿಲ್ಲ, ನಮ್ಮೂರಿನವರು ಒಳ್ಳೆಯವರು. ಆದರೆ ಕೇಳುವ ಮೊದಲು ‘ಅವರು ಊಟಕ್ಕೆ ಕೂತಿರಬಹುದಾ, ಈಗ ಫೋನ್ ಮಾಡಿದರೆ ಸರಿಯಾ’ ಎಂದು ಹತ್ತು ಸಲ ಯೋಚಿಸುವುದುಂಟಲ್ಲ, ಆ ಯೋಚನೆಯಲ್ಲೇ ಅರ್ಧ ಸುಸ್ತಾಗುತ್ತದೆ.

ಕಳೆದ ವರ್ಷ ತಮ್ಮ ಗಲ್ಫಿನಿಂದ ರಜೆಗೆ ಬಂದ. ಕೊಟ್ಟಿಗೆಯಲ್ಲಿ ಅವನ ಸ್ಪ್ಲೆಂಡರ್ ಇತ್ತು. 2010ರಲ್ಲಿ ತೆಗೆದದ್ದು, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಎಂದು ಎರಡೂ ಹೆಸರು ಇರುವ ಬೈಕು. ಹದಿನೈದು ವರ್ಷ ಆಯಿತು, ಆರ್‌ಸಿ ನವೀಕರಿಸಬೇಕು, ಅದಕ್ಕಿಂತ ಕೊಟ್ಟುಬಿಡುವ ಎಂದ. “ಕೊಡುವುದು ಬೇಡ. ನಾನು ಕಲಿಯುತ್ತೇನೆ” ಎಂದೆ. ಅವನು ಒಮ್ಮೆ ನನ್ನ ಮುಖ ನೋಡಿದ. “ಸ್ಕೂಟಿ ತೆಗೆದು ಕೊಡ್ತೇನೆ ಅಕ್ಕ, ಅದು ಸುಲಭ” ಎಂದ. ನನಗೆ ಸ್ಕೂಟಿ ಬೇಡವೆಂದಲ್ಲ. ಆದರೆ ಮನೆಯಲ್ಲಿ ಒಂದು ಗಾಡಿ ಇರುವಾಗ ಇನ್ನೊಂದಕ್ಕೆ ದುಡ್ಡು ಹಾಕುವುದು ಯಾಕೆ? ಆ ಬೈಕಿನ ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂತು ನಾನು ಎಷ್ಟೋ ಮದುವೆಗೆ, ಆಸ್ಪತ್ರೆಗೆ ಹೋಗಿದ್ದೇನೆ. ಮುಂದೆ ಕೂತರೆ ಹೇಗಿರುತ್ತದೆಂದು ನೋಡುವ ಆಸೆಯೂ ಇತ್ತು, ಮುಚ್ಚಿಡುವುದು ಯಾಕೆ.

ತಮ್ಮ ಹೋಗುವ ಮೊದಲು ಆರ್‌ಸಿ ಮಾಡಿಸಿಕೊಟ್ಟ. ಎಲ್ಎಲ್, ಅಂದರೆ ಕಲಿಯುವವರಿಗೆ ಕೊಡುವ ಲೈಸೆನ್ಸ್, ಅದರ ಕೆಲಸ ಬೇಗ ಮುಗಿಯಿತು. ನಲುವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಇಪ್ಪತ್ತೈದು ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದಾ ಎಂದು ಆ ಫಾರಂನಲ್ಲೇ ಇದೆ. ದಿನಾ ಸೂಜಿಗೆ ನೂಲು ಪೋಣಿಸುವವಳು, ಕನ್ನಡಕ ಹಾಕಿದರೆ ನನಗೆ ಎಲ್ಲ ಕಾಣುತ್ತದೆ. ಎಲ್ಎಲ್ ಸಿಕ್ಕಿ 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು.

ಕಲಿಸಿದ್ದು ತಮ್ಮನ ಮಗ. ಕಾಲೇಜಿಗೆ ಹೋಗುವ ಹುಡುಗ. ಬೆಳಿಗ್ಗೆ ಆರಕ್ಕೆ ಎದ್ದು ನನ್ನ ಜೊತೆ ಮೈದಾನಕ್ಕೆ ಬರುತ್ತಿದ್ದ. ಆ ವಯಸ್ಸಿನ ಮಕ್ಕಳಿಗೆ ಬೆಳಗಿನ ನಿದ್ದೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ.

ಮೊದಲು ಮಾಡಿದ ಕೆಲಸ ಬಟ್ಟೆಯದ್ದು. ಸೀರೆ ಆಗುವುದಿಲ್ಲ, ಚೂಡಿದಾರದ ಶಾಲು ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ದಪ್ಪ ಬಟ್ಟೆ ತಂದು ನನಗೇ ಒಂದು ಪ್ಯಾಂಟ್ ಹೊಲಿದೆ. ಕಾಲು ಅಗಲಿಸಿ ಕೂರುವಾಗ ಹೊಲಿಗೆ ಬಿಡಬಾರದೆಂದು ತೊಡೆಸಂದಿಗೆ ಚೌಕದ ತುಂಡು ಕೊಟ್ಟೆ, ಮಂಡಿಗೆ ಒಳಗಿನಿಂದ ಎರಡು ಪದರ. ಆ ಎರಡು ಪದರ ಹತ್ತನೇ ದಿನಕ್ಕೇ ಕೆಲಸಕ್ಕೆ ಬಂತು. ಮೈದಾನದ ಮೂಲೆಯಲ್ಲಿ ಮುರಕಲ್ಲಿನ ಸಣ್ಣ ಹರಳು ಇತ್ತು. ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಹಿಡಿದೆ. ಬೈಕು ನನ್ನನ್ನು ಕೇಳದೆ ಬಲಕ್ಕೆ ಮಲಗಿತು. ಮಂಡಿಗೆ ಏನೂ ಆಗಲಿಲ್ಲ, ಮೀನಖಂಡಕ್ಕೆ ಸೈಲೆನ್ಸರ್ ತಾಗಿ ಸುಟ್ಟಿತು. ಟೂತ್‌ಪೇಸ್ಟ್ ಹಚ್ಚಿ ಎಂದರು ಅಕ್ಕಪಕ್ಕದವರು. ಅದು ಹಚ್ಚಬಾರದು. ತಣ್ಣೀರು ಬಿಡುತ್ತಾ ತುಂಬಾ ಹೊತ್ತು ಕೂರಬೇಕು, ನಾನು ಹಾಗೇ ಮಾಡಿದೆ.

ಅವತ್ತು ಹುಡುಗ ಬೈಕ್ ಎತ್ತಲು ಬಂದವನು ನಿಂತುಬಿಟ್ಟ. “ಅತ್ತೆ, ನೀವೇ ಎತ್ತಿ. ಒಬ್ಬರೇ ಇರುವಾಗ ಬಿದ್ದರೆ ಎಂತ ಮಾಡ್ತೀರಿ?” ಎಂದ. ನೂರಹತ್ತು ಕೆಜಿಯ ಹತ್ತಿರ ತೂಗುವ ಗಾಡಿ. ಅವನೇ ಉಪಾಯ ಹೇಳಿಕೊಟ್ಟ. ಬೈಕಿಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂರುವುದು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಸೀಟಿನ ಕೆಳಗೆ. ಸೊಂಟದಿಂದ ಎತ್ತಬಾರದು, ಕಾಲಿನ ಬಲದಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋಗಬೇಕು. ಮೂರನೇ ಸಲಕ್ಕೆ ಎದ್ದು ನಿಂತಿತು. ನನಗೆ ಬೈಕಿನ ಹೆದರಿಕೆ ಬಿಟ್ಟದ್ದು ಓಡಿಸಿದಾಗ ಅಲ್ಲ, ಅದನ್ನು ಎತ್ತಿದಾಗ.

ಕ್ಲಚ್ ನನಗೆ ಕಷ್ಟ ಆಗಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹೊಲಿಗೆ ಕಲಿತದ್ದು ಕಾಲಿನಲ್ಲಿ ತುಳಿಯುವ ಮೆಷಿನಿನಲ್ಲಿ. ಅದರ ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ತಿರುಗಿಸಿ, ಅದು ಚಲಿಸಿದ ಕೂಡಲೇ ಪಾದ ಮೆಲ್ಲ ಒತ್ತಬೇಕು. ಒಮ್ಮೆಲೇ ಒತ್ತಿದರೆ ಚಕ್ರ ಉಲ್ಟಾ ತಿರುಗಿ ನೂಲು ಕಡಿಯುತ್ತದೆ. ಕೈಯಿಂದ ಕಾಲಿಗೆ ಕೆಲಸ ದಾಟುವ ಆ ಹೊತ್ತನ್ನು ಯಾರೂ ಬಾಯಿಯಲ್ಲಿ ಕಲಿಸಲು ಆಗುವುದಿಲ್ಲ, ಪಾದಕ್ಕೇ ಗೊತ್ತಾಗಬೇಕು. ಹಾಫ್ ಕ್ಲಚ್ ಎನ್ನುವುದೂ ಅದೇ. ಲಿವರ್ ಬಿಡುತ್ತಾ ಬರುವಾಗ ಒಂದು ಕಡೆ ಇಂಜಿನ್ನಿನ ಸದ್ದು ತಗ್ಗುತ್ತದೆ, ಬೈಕು ಮುಂದಕ್ಕೆ ಎಳೆಯುತ್ತದೆ. ಅಲ್ಲಿ ಬೆರಳು ನಿಲ್ಲಬೇಕು. ಒಮ್ಮೆಲೇ ಬಿಟ್ಟರೆ ಜಗ್ಗಿ ಆಫ್. ಎರಡನೇ ದಿನವೇ ನನ್ನ ಬೆರಳಿಗೆ ಆ ಜಾಗ ಸಿಕ್ಕಿತು. ಹುಡುಗನಿಗೆ ಆಶ್ಚರ್ಯ. ಗೇರೂ ಹಾಗೇ. ಸ್ಪ್ಲೆಂಡರಿನಲ್ಲಿ ಮುಂದೆ ಒತ್ತಿದರೆ ಏರುತ್ತದೆ, ಹಿಮ್ಮಡಿಯಲ್ಲಿ ಒತ್ತಿದರೆ ಇಳಿಯುತ್ತದೆ. ಜೀವಮಾನವಿಡೀ ಪಾದದಲ್ಲಿ ಕೆಲಸ ಮಾಡಿದವರಿಗೆ ಅದು ಬರುತ್ತದೆ.

ಬಾರದೇ ಇದ್ದದ್ದು ಎಂಟು. “ಅತ್ತೆ, ಚಕ್ರ ನೋಡ್ಬೇಡಿ, ಮುಂದೆ ನೋಡಿ” ಎಂದು ಅವನು ನೂರು ಸಲ ಹೇಳಿರಬಹುದು. ನಾನು ಹೌದು ಹೌದು ಎನ್ನುತ್ತಿದ್ದೆ. ತಿರುವಿಗೆ ಬಂದ ಕೂಡಲೇ ಕಣ್ಣು ತಾನಾಗಿಯೇ ಮುಂದಿನ ಚಕ್ರಕ್ಕೆ ಇಳಿಯುತ್ತಿತ್ತು. ಗೆರೆ ದಾಟುತ್ತೇನಾ ಎಂಬ ಹೆದರಿಕೆ. ನೋಡಿದ ಕಡೆಗೇ ಬೈಕು ವಾಲುತ್ತಿತ್ತು, ಕಾಲು ಇಳಿಯುತ್ತಿತ್ತು. ಟೆಸ್ಟಿನಲ್ಲೂ ಅದೇ ಆದದ್ದು.

ಫೇಲಾದ ಮರುದಿನ ಅಂಗಡಿಯಲ್ಲಿ ಕೆಲಸ ಕಲಿಯಲು ಬರುವ ಹುಡುಗಿ ಒಂದು ಬ್ಲೌಸಿನ ಕತ್ತಿಗೆ ಪೈಪಿಂಗ್ ಕೊಡುತ್ತಿದ್ದಳು. ರೇಷ್ಮೆ ಬಟ್ಟೆ, ಹಿಂದೆ ಆಳದ ರೌಂಡು. ಹೊಲಿಗೆ ಅಂಕುಡೊಂಕಾಗಿ ಹೋಗುತ್ತಿತ್ತು. ಎರಡು ಸಲ ಬಿಚ್ಚಿದಳು, ಅಳುವ ಹಾಗಾದಳು. ನಾನು ಅವಳ ಹಿಂದೆ ನಿಂತು ಹೇಳಿದೆ: “ಸೂಜಿ ನೋಡಿದರೆ ರೌಂಡು ಬರುವುದಿಲ್ಲ ಮಗಾ. ಸೂಜಿ ಎಲ್ಲಿ ಹೋಗ್ತದೆ? ಅಲ್ಲೇ ಇರ್ತದೆ. ನೀನು ಮುಂದೆ ಬರುವ ಅಂಚು ನೋಡು. ಕೈ ಬಟ್ಟೆಯನ್ನು ತಾನೇ ತಿರುಗಿಸ್ತದೆ.”

ಹೇಳಿ ಮುಗಿಸಿದವಳು ಅಲ್ಲೇ ನಿಂತೆ. ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲಿಟ್ಟೆ. ಮೂವತ್ತು ವರ್ಷದಿಂದ ಈ ಮಾತನ್ನು ಎಷ್ಟು ಹುಡುಗಿಯರಿಗೆ ಹೇಳಿದ್ದೇನೋ. ಹುಡುಗ ನನಗೆ ಹೇಳುತ್ತಿದ್ದದ್ದೂ ಇದೇ ಮಾತಲ್ವಾ! ಅವಳು ನಾನು ಹೇಳಿದ ಹಾಗೆ ಮಾಡಿದಳು. ಮೆಷಿನಿನ ಸೂಜಿಯ ಬುಡದ ಪಾದದಡಿಯಿಂದ ಬಟ್ಟೆ ಮೆಲ್ಲ ಮೆಲ್ಲ ತಿರುಗುತ್ತಾ ಬಂದು ಅರ್ಧಚಂದ್ರ ಮೂಡಿತು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ತಿರುವಿನಲ್ಲಿ ಮೆಷಿನ್ ನಿಲ್ಲಿಸಿರಲಿಲ್ಲ, ವೇಗವನ್ನೂ ಜಾಸ್ತಿ ಮಾಡಿರಲಿಲ್ಲ. ಒಂದೇ ಹದ.

ಸಂಜೆ ಮೈದಾನಕ್ಕೆ ನಾನೇ ಅವನನ್ನು ಕರೆದುಕೊಂಡು ಹೋದೆ. ನೆಲದಲ್ಲಿ ಎಂಟು ಬರೆಯಲು ಅಂಗಡಿಯ ಚಾಕ್ ಸಾಕಾಗಲಿಲ್ಲ, ಸುಣ್ಣದ ಪುಡಿ ಹಾಕಿದೆವು. ಫಸ್ಟ್ ಗೇರ್, ಆಕ್ಸಿಲರೇಟರ್ ಒಂದೇ ಹದಕ್ಕೆ, ಕ್ಲಚ್ ಸ್ವಲ್ಪ ಒತ್ತಿಕೊಂಡು, ಹಿಂದಿನ ಬ್ರೇಕಿನ ಮೇಲೆ ಬಲಪಾದ ಹಗುರಕ್ಕೆ. ಮುಂದಿನ ಬ್ರೇಕಿಗೆ ಕೈಯೇ ಹಾಕಲಿಲ್ಲ. ಒಂದು ತಿರುವು ಮುಗಿಯುವ ಮೊದಲೇ ಮುಖ ತಿರುಗಿಸಿ ಆಚೆ ತಿರುವಿನ ಗೆರೆ ನೋಡಿದೆ. ಬೈಕು ಬಂತು. ಬಟ್ಟೆ ಬಂದ ಹಾಗೇ ಬಂತು. ಒಂದು ಎಂಟು, ಎರಡು, ಮೂರು. ಹುಡುಗ ಕೈ ಎತ್ತಿ ಕುಣಿಯುತ್ತಿದ್ದ. ನನಗೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಕತ್ತಲಾಗಿ ಸುಣ್ಣ ಕಾಣದೆ ಹೋದ ಮೇಲೆ ನಿಲ್ಲಿಸಿದೆ.

ಎರಡನೇ ಟೆಸ್ಟಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಾಲು ಇಳಿಯಲಿಲ್ಲ. ಅದೇ ಇನ್‌ಸ್ಪೆಕ್ಟರ್ “ಹ್ಞಾ, ಇದು” ಎಂದರು. ನನ್ನ ವಯಸ್ಸಿನವರಿಗೆ ಲೈಸೆನ್ಸ್ ಅರುವತ್ತರವರೆಗೆ ಕೊಡುತ್ತಾರೆ. ಆಮೇಲೆ ಮತ್ತೆ ನವೀಕರಿಸಬಹುದು.

ಡಿಸೆಂಬರಿನಲ್ಲಿ ಮಟ್ಟುವಿನ ಅದೇ ಮನೆಯಿಂದ ಫೋನ್ ಬಂತು. ಮದುವೆಯಾದ ಹುಡುಗಿಗೆ ಈಗ ಸೀಮಂತ. ಮೂರು ಬ್ಲೌಸ್. ಹೊಲಿದು ಮುಗಿದ ದಿನ ಸಂಜೆ ಐದೂವರೆಗೆ ಅಂಗಡಿಯಿಂದ ಹೊರಟೆ. ಹೆದ್ದಾರಿ 66 ದಾಟುವುದೊಂದೇ ನನಗೆ ಇವತ್ತಿಗೂ ಹೆದರಿಕೆ. ಮಂಗಳೂರು ಕಡೆಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸು, ಮೀನಿನ ಲಾರಿ, ಯಾರಿಗೂ ನಿಲ್ಲುವ ಪುರುಸೊತ್ತಿಲ್ಲ. ಪೂರ್ತಿ ಖಾಲಿಯಾಗುವವರೆಗೆ ಕಾದೆ. ಹಿಂದೆ ಯಾರೋ ಹಾರ್ನ್ ಹೊಡೆದರು. ಹೊಡೆಯಲಿ ಎಂದು ಬಿಟ್ಟೆ.

ದಾಟಿದ ಮೇಲೆ ಮಟ್ಟು ದಾರಿ ಸಣ್ಣದು, ತಂಪು. ಎರಡೂ ಕಡೆ ಗುಳ್ಳದ, ಅಂದರೆ ನಮ್ಮ ಕಡೆಯ ಬದನೆಯ ಗದ್ದೆ. ಹೊಳೆ ದಾಟಿ ಬಲಕ್ಕೆ ತಿರುಗಿದರೆ ಒಂದು ಬದಿಗೆ ಕಡಲು, ಒಂದು ಬದಿಗೆ ಹೊಳೆ, ನಡುವೆ ಪಡುಕರೆಯ ಕಡೆಗೆ ಹೋಗುವ ರಸ್ತೆ. ಮೂರನೇ ಗೇರಿನಲ್ಲಿ ಹೋದೆ. ಕಡಲ ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿ ಕಿವಿ ತುಂಬಿತು. ಈ ದಾರಿಯಲ್ಲಿ ಎಷ್ಟೋ ಸಲ ಬಂದಿದ್ದೇನೆ. ಯಾವಾಗಲೂ ಯಾರದ್ದೋ ಬೆನ್ನಿನ ಹಿಂದೆ, ಒಂದು ಬದಿಗೆ ಮುಖ ಮಾಡಿ. ಹೋಗುವಾಗ ಕಡಲು ಕಂಡರೆ ಬರುವಾಗ ಹೊಳೆ. ಎರಡನ್ನೂ ಒಟ್ಟಿಗೆ ನೋಡಿದ್ದು ಅವತ್ತೇ.

ಹುಡುಗಿಯ ಅಮ್ಮ ಹೊರಗೆ ಬಂದು ನನ್ನ ಹಿಂದೆ ಮುಂದೆ ನೋಡಿದರು. “ಯಾರೊಟ್ಟಿಗೆ ಬಂದದ್ದು?” 

“ಒಬ್ಬಳೇ ಬಂದೆ” ಎಂದೆ.

ಅವರು ಬೈಕಿನ ಹತ್ತಿರ ಹೋಗಿ ಸೀಟಿನ ಮೇಲೆ ಕೈ ಇಟ್ಟರು. ಸುಮ್ನೆ ಇಟ್ಟು ನಿಂತರು. ಆಮೇಲೆ ಒಳಗೆ ಕರೆದು ಚಾ ಕೊಟ್ಟರು. ಹೊರಡುವಾಗ ನಾಲ್ಕು ಗುಳ್ಳ ಕವರಿಗೆ ಹಾಕಿ ಹ್ಯಾಂಡಲಿಗೆ ಕಟ್ಟಲು ಬಂದರು. ಹ್ಯಾಂಡಲಿಗೆ ಬೇಡ, ತಿರುಗಿಸುವಾಗ ಅಡ್ಡ ಆಗುತ್ತದೆ ಎಂದು ಬ್ಯಾಗಿಗೆ ಹಾಕಿಕೊಂಡೆ. ಅವರ ಮನೆಯ ಎದುರು ರಸ್ತೆ ತುಂಬಾ ಸಪೂರ. ಒಂದೇ ಸಲಕ್ಕೆ ತಿರುಗಿಸಿದೆ.

ಕಟಪಾಡಿಗೆ ಬರುವಾಗ ಏಳೂವರೆ. ಶಿರ್ವ ಬಸ್ಸು ನಿಲ್ಲುವಲ್ಲಿ ನಮ್ಮ ಕಡೆಯವರೇ ಒಬ್ಬರು ಹೆಂಗಸು ನಿಂತಿದ್ದರು, ಕೈಯಲ್ಲಿ ಔಷಧದ ಚೀಲ. ನನ್ನ ಹತ್ತಿರ ಇದ್ದದ್ದು ಒಂದೇ ಹೆಲ್ಮೆಟ್. ಬೈಕು ಬದಿಗೆ ಹಾಕಿ ಅವರ ಬಸ್ಸು ಬರುವವರೆಗೆ ಮಾತಾಡುತ್ತಾ ನಿಂತೆ. ಎರಡು ಗುಳ್ಳ ಅವರಿಗೆ ಕೊಟ್ಟೆ.