ಕಾಫಿ ಸಿಪ್ಪೆ ಮತ್ತು ನಮ್ಮ ಮೇಷ್ಟ್ರು

ಈ ಸಲ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ತೀರಿಕೊಂಡರು. ಗೆಳೆಯ ಫೋನಿನಲ್ಲಿ ಹೇಳುತ್ತಿದ್ದಾಗ ಕಾಫಿ ಸಿಪ್ಪೆಯ ಹುಳಿ ವಾಸನೆ ಮೂಗಿಗೆ ಬಡಿದ ಹಾಗಾಯಿತು.

ಒಂಬತ್ತನೇ ಕ್ಲಾಸಿನ ಪಾಠ ಒಂದೂ ನೆನಪಿಲ್ಲ. ಶಾಲೆಯ ಹಿಂದಿನ ಗೊಬ್ಬರದ ಗುಂಡಿ ಚೆನ್ನಾಗಿ ನೆನಪಿದೆ. ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿಗೆ ಮೇಷ್ಟ್ರು ಪಕ್ಕದ ತೋಟದಿಂದ ಸಿಪ್ಪೆ ತರಿಸುತ್ತಿದ್ದರು. "100 ಕೆಜಿ ಹಣ್ಣು ಪಲ್ಪ್ ಮಾಡಿದ್ರೆ ಹೆಚ್ಚುಕಡಿಮೆ 40 ಕೆಜಿ ಸಿಪ್ಪೆ ಕಣ್ರೋ. ಸುಮ್ನೆ ಕೊಳೆಯೋಕೆ ಬಿಡ್ತೀರಾ?" ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ತೋಡಿಗೆ ಸೇರಿದರೆ ಮೀನು ಯಾಕೆ ಸಾಯುತ್ತವೆ ಅನ್ನೋದನ್ನು ತೋಡಿನ ದಡದಲ್ಲೇ ನಿಲ್ಲಿಸಿ ಹೇಳಿದ್ದರು. ಆ ನೀರಿನಲ್ಲಿರುವ ಸಕ್ಕರೆ ಅಂಶ ಕೊಳೆಯುವಾಗ ತೋಡಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ.

ಸಿಪ್ಪೆ, ಸಗಣಿ, ಒಣ ಎಲೆ, ಪದರದ ಮೇಲೆ ಪದರ. ವಾರ ಕಳೆದ ಮೇಲೆ ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗೆಳೆದು ನಮ್ಮ ಕೈಗೆ ಕೊಡುತ್ತಿದ್ದರು. ಡಿಸೆಂಬರ್ ಚಳಿಯಲ್ಲಿ ಅದು ಹಿಡಿಯಲಾಗದಷ್ಟು ಬಿಸಿ! ಸೂಕ್ಷ್ಮಜೀವಿಗಳು ಅಂದರೇನು ಅಂತ ನನಗೆ ಗೊತ್ತಾದದ್ದು ಅಂಗೈಯಿಂದ.

ಗೊಬ್ಬರವನ್ನು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮಾರುತ್ತಿದ್ದೆವು. ಗಾಡಿ ಬಾಡಿಗೆ, ಚೀಲದ ದುಡ್ಡು, ನಮ್ಮ ಕೂಲಿ ಎಲ್ಲ ಬರೆದ ಮೇಲೇ ಲಾಭದ ಲೆಕ್ಕ. ಒಂದು ಸಲ ನಾವು ಮೂವರು ತೂಕ ಜಾಸ್ತಿ ಬರಲಿ ಅಂತ ಎಂಟು ಚೀಲಕ್ಕೆ ಕೆಂಪು ಮಣ್ಣು ಬೆರೆಸಿದೆವು. ಮೇಷ್ಟ್ರು ಒಂದು ಹಿಡಿ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿದರು. ಮಣ್ಣು ತಳಕ್ಕಿಳಿಯಿತು. ಬೈಯಲಿಲ್ಲ. ಆಗಲೇ ಮಾರಿಹೋಗಿದ್ದ ನಾಲ್ಕು ಚೀಲಗಳ ಹಿಂದೆ ನಮ್ಮನ್ನು ಮನೆಮನೆಗೆ ಕರೆದುಕೊಂಡು ಹೋದರು. ಒಬ್ಬ ಅಜ್ಜಿ ಆಂಥೂರಿಯಂ ಕುಂಡಗಳಿಗೆ ಗೊಬ್ಬರ ಹಾಕಿಯಾಗಿತ್ತು. "ಇರ್ಲಿ ಬಿಡಿ, ಮಕ್ಕಳು" ಅಂದರು. ಮೇಷ್ಟ್ರು ಒಪ್ಪಲಿಲ್ಲ. ಒಂದೊಂದೇ ಕುಂಡ ಬರಿದು ಮಾಡಿ ಹೊಸದು ತುಂಬುವಷ್ಟರಲ್ಲಿ ಕತ್ತಲಾಯಿತು. ಮೇಷ್ಟ್ರೂ ಮೊಣಕಾಲೂರಿ ನಮ್ಮ ಜೊತೆ ತುಂಬಿದರು.

ಈಗ ಇದಕ್ಕೆಲ್ಲ ಸುಸ್ಥಿರ ಉದ್ಯಮ, ಜೈವಿಕ ಆರ್ಥಿಕತೆ ಅಂತ ಹೆಸರಿದೆ. ಹೆಸರು ಒಳ್ಳೆಯದೇ. ಆದರೆ ಶಾಲೆಯ ಇದೇ ಪ್ರಾಜೆಕ್ಟಿಗೆ ನನ್ನ ಮಗಳು ಅಂಗಡಿಯಿಂದ ಚಾರ್ಟ್ ತಂದು, ಚಿತ್ರ ಅಂಟಿಸಿ, ಅಂಕ ತಗೊಂಡು ಬಂದಳು. ತೋಟದ ಮಧ್ಯೆಯೇ ಬೆಳೆದ ಹುಡುಗಿ ಸಿಪ್ಪೆ ಮುಟ್ಟಲೇ ಇಲ್ಲ. ಬೇಜಾರಾಗುತ್ತೆ, ಅಲ್ವಾ?

ನನ್ನ ತೋಟದಲ್ಲಿ ಇವತ್ತು ಆರು ಜನ ಸಿಪ್ಪೆ ಗೊಬ್ಬರ ಮಾಡುತ್ತಾರೆ. ನನ್ನ ಚೀಲದಲ್ಲಿ ಮಣ್ಣು ಸಿಕ್ಕಿತು ಅಂತ ಯಾರೂ ಹೇಳಿಲ್ಲ, ಅದು ನನಗೆ ಹೆಮ್ಮೆ. ಡಿಸೆಂಬರಿನಲ್ಲಿ ಪಲ್ಪಿಂಗ್ ಶುರುವಾದ ಕೂಡಲೇ ಒಂದು ಟ್ರ್ಯಾಕ್ಟರ್ ಸಿಪ್ಪೆ ಶಾಲೆಗೆ ಕಳಿಸುತ್ತೇನೆ. ಶಾಲೆಯವರೇ, ಗುಂಡಿ ಸ್ವಲ್ಪ ಕ್ಲೀನ್ ಮಾಡಿಸಿಡಿ. ಸರಳು ನಾನೇ ತರುತ್ತೇನೆ.