ಗಾಳಿಯ ಹದ

ಇಂದು ಮಧ್ಯಾಹ್ನ ಕೊಪ್ಪಳದ ನಮ್ಮ ಅಂಗಡಿಯಲ್ಲಿ ಲೇಸರ್ ಯಂತ್ರದಲ್ಲಿ ಮನೆಯೊಂದರ ನಾಮಫಲಕ ಕೆತ್ತುವಾಗ, ಹಿಂದಿನ ಕೆಲಸಕ್ಕೆಂದು ಜೋರಾಗಿ ಬಿಟ್ಟಿದ್ದ ಏರ್ ಅಸಿಸ್ಟ್, ಅಂದರೆ ಕಿರಣ ತಾಗುವ ಜಾಗಕ್ಕೆ ಊದುವ ಗಾಳಿ, ತಗ್ಗಿಸಲು ಮರೆತೆ. ‘ನಿಲಯ’ದ ಕೊನೆಯ ಅಕ್ಷರದ ಸುತ್ತ, ಒಲೆಯ ಹಿಂದಿನ ಗೋಡೆಗೆ ಹಿಡಿಯುವ ಮಸಿಯಂತೆ, ಕಂದು ಹೊಗೆಯ ಕಲೆ ಮರದ ನಾರಿನೊಳಗೆ ಇಳಿದು ಕೂತಿತ್ತು, ಸ್ಯಾಂಡ್ ಪೇಪರಿನಿಂದ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಹಿಂದಿನ ಕೆಲಸ 6 ಮಿ.ಮೀ. ಪ್ಲೈವುಡ್ ಕತ್ತರಿಸುವುದಾಗಿತ್ತು. ಅಲ್ಲಿ ಜೋರು ಗಾಳಿಯೇ ಬೇಕು: ಅದು ಸೀಳಿನೊಳಗಿನ ಹೊಗೆಯನ್ನು ಹೊರದಬ್ಬಿ ಕಿರಣಕ್ಕೆ ದಾರಿ ಬಿಡಿಸುತ್ತದೆ, ಜ್ವಾಲೆ ಏಳದಂತೆ ತಡೆಯುತ್ತದೆ, ಅಂಚು ಕರಕಲಾಗುವುದನ್ನು ಕಡಿಮೆ ಮಾಡುತ್ತದೆ. ಮರದ ಕೆತ್ತನೆಗಾದರೆ ಲೆನ್ಸಿಗೆ ಮಸಿ ಹತ್ತದಷ್ಟು ಮೆಲುಗಾಳಿ ಸಾಕು. ಪೂರ್ತಿ ನಿಲ್ಲಿಸಿ ಕೆತ್ತುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಲೆನ್ಸಿನ ಬೆಲೆ ಕೊಟ್ಟವನಿಗೇ ಗೊತ್ತು.

ಅಕ್ರಿಲಿಕ್‌ನದು ಬೇರೆಯೇ ಸ್ವಭಾವ. ಕತ್ತರಿಸುವಾಗ ಗಾಳಿ ಕಡಿಮೆಯಿದ್ದರೆ ಅಂಚು ಗಾಜಿನಂತೆ ಹೊಳೆಯುತ್ತದೆ, ಜೋರಾದರೆ ಮಬ್ಬಾಗುತ್ತದೆ. ಆದರೆ ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ, ಗಾಳಿ ತಗ್ಗಿಸಿ ಚಹಾ ಕುಡಿಯಲು ಹೋಗುವಂತಿಲ್ಲ.

ಗಿರಾಕಿಗೆ ನಾಳೆ ಸಂಜೆ ಬರಲು ಹೇಳಿದ್ದೇನೆ. ಹೊಗೆಯ ಕಲೆ ಮರಕ್ಕೆ ಹತ್ತದಿರಲೆಂದು ಹೊಸ ಹಲಗೆಯ ಮೇಲೆ ಈಗ ಮಾಸ್ಕಿಂಗ್ ಟೇಪ್ ಅಂಟಿಸುತ್ತಾ ಕುಳಿತಿದ್ದೇನೆ.